ಸಹಾಯ ಬೇಕು: ಟ್ರ್ಯಾಕ್ ಹಾಕಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ನೇರ ಓಡುತ್ತದೆ, ತಿರುಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ತೋಟದ ಕೆಸರಲ್ಲಿ ಓಡಿಸೋಣ ಅಂತ ಚಕ್ರದ ಬದಲು ಟ್ರ್ಯಾಕ್ (ಯುದ್ಧದ ಟ್ಯಾಂಕ್‌ಗಿರುವಂಥ ಸುತ್ತುವ ಪಟ್ಟಿ) ಇರುವ ಸ್ಕೇಟ್‌ಬೋರ್ಡ್ ಮಾಡುತ್ತಿದ್ದೇನೆ. ಎಡಕ್ಕೊಂದು, ಬಲಕ್ಕೊಂದು ಟ್ರ್ಯಾಕ್. ಎರಡೆರಡು ಬೈಕ್ ಚೈನ್ ನಡುವೆ ಅಲ್ಯೂಮಿನಿಯಂ ಆಂಗಲ್ ತುಂಡು ಬೋಲ್ಟ್ ಮಾಡಿ, ಮೇಲೆ ಹಳೇ ಟೈರಿನ ರಬ್ಬರ್ ಹಾಕಿದ್ದೇನೆ. (ನೋಡೋಕೆ ಚೆನ್ನಾಗಿಲ್ಲ, ಆದ್ರೆ ಹಿಡಿತ ಸೂಪರ್.) ಎರಡು ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟಾರ್, ಟ್ರ್ಯಾಕಿಗೊಂದು; 1:3 ಚೈನ್ ರಿಡಕ್ಷನ್ (ಮೋಟಾರ್ ಮೂರು ಸುತ್ತು ತಿರುಗಿದರೆ ಟ್ರ್ಯಾಕ್ ಓಡಿಸುವ ಗಾಲಿ ಒಂದು ಸುತ್ತು). ಬ್ಯಾಟರಿ 36 ವೋಲ್ಟ್, 10 ಸೆಲ್ ಸೀರೀಸ್, 40 ಆಂಪ್ ಬಿಎಂಎಸ್ (ಕರೆಂಟ್ ಮಿತಿ ಮೀರಿದರೆ ಬ್ಯಾಟರಿ ಕಟ್ ಮಾಡುವ ರಕ್ಷಣಾ ಸರ್ಕ್ಯೂಟ್).

ನೇರ ಹೋಗುವಾಗ ತೊಂದರೆಯಿಲ್ಲ. ತಿರುಗಿಸಲು ಒಂದು ಮೋಟಾರ್ ನಿಧಾನ ಮಾಡಿದ ಕೂಡಲೇ ಕರೆಂಟ್ ಏರಿ ಬಿಎಂಎಸ್ ಕಟ್ ಆಗುತ್ತದೆ, ಇಲ್ಲವೇ ಟ್ರ್ಯಾಕ್ ಪಕ್ಕಕ್ಕೆ ಕಳಚಿಕೊಳ್ಳುತ್ತದೆ. ಟ್ರ್ಯಾಕ್ ಬಿಗಿ ಮಾಡಿದೆ. ಕಳಚುವುದು ನಿಂತಿತು, ಮೋಟಾರ್ ಕೈ ಇಡಲಾಗದಷ್ಟು ಬಿಸಿ. ಮೋಟಾರ್ ನಿಯಂತ್ರಿಸುವ ಕಂಟ್ರೋಲರ್‌ನಲ್ಲಿ ಕರೆಂಟ್ ಲಿಮಿಟ್ ಇಳಿಸಿದೆ. ಈಗ ಕಟ್ ಆಗುವುದಿಲ್ಲ, ಸುಮ್ನೆ ನಿಂತುಬಿಡುತ್ತದೆ.

ನೆಲಕ್ಕೆ ತಾಗುವ ಟ್ರ್ಯಾಕ್ ಉದ್ದ 70 ಸೆಂ.ಮೀ., ಎರಡು ಟ್ರ್ಯಾಕ್‌ಗಳ ನಡುವಿನ ಅಂತರ 30. ಈ ಅಂತರಕ್ಕಿಂತ ಉದ್ದ ಜಾಸ್ತಿಯಾದಷ್ಟೂ ತಿರುಗುವುದು ಕಷ್ಟ ಅಂತ ಗೊತ್ತು. ಯುದ್ಧದ ಟ್ಯಾಂಕ್‌ಗಳಲ್ಲೂ ಇದೇ ಲೆಕ್ಕ ಅಲ್ವಾ? ಟ್ರ್ಯಾಕ್ ಒಳಗೆ ಹಿಂದೆ ಮುಂದೆ ಇರುವ ರೋಲರ್ ಸ್ವಲ್ಪ ಎತ್ತಿದರೆ 40 ಸೆಂ.ಮೀ. ಮಾತ್ರ ತಾಗುತ್ತದೆ. ಆದ್ರೆ ಮೇಲೆ ನಿಂತವರು ಮುಂದಕ್ಕೆ ಹಿಂದಕ್ಕೆ ವಾಲುತ್ತಾರೆ ಅನ್ನೋ ಭಯ.

ಇಂಥದ್ದು ಮಾಡಿದವರು ಹೇಳಿ: ರೋಲರ್ ಎತ್ತಲಾ, ರಿಡಕ್ಷನ್ 1:5 ಮಾಡಲಾ, ಅಥವಾ ಹಿಂದೆ ಒಂದೇ ಟ್ರ್ಯಾಕ್ ಇಟ್ಟು ಮುಂದುಗಡೆ, ಪಕ್ಕಕ್ಕೆ ವಾಲಿದರೆ ತಿರುಗುವ ಚಕ್ರ ಹಾಕಲಾ?