ಡೆಬಿಯನ್‌ಗೆ ಪ್ಯಾಕೇಜ್ ಮಾಡುವುದಾ, ಎಯುಆರ್ ಸಾಕಾ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ_ಪೈಥಾನ್: ಹಳೆಯ ನುಡಿ (ಆಸ್ಕಿ) ಫಾಂಟಿನ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಹೊರಗಿನ ಲೈಬ್ರರಿ ಒಂದೂ ಬೇಕಿಲ್ಲ. ಡೆಬಿಯನ್ ಲಿನಕ್ಸ್‌ಗೆ ಪ್ಯಾಕೇಜ್ ಆಗಿ, ಅಂದರೆ ಯಾರು ಬೇಕಾದರೂ ಇನ್‌ಸ್ಟಾಲ್ ಮಾಡುವ ಹಾಗೆ, ಸೇರಿಸುವ ಆಸೆ ಇದೆ. 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಭಾನುವಾರ ಮಾತ್ರ ಬಿಡುವು. ಆಗುತ್ತದಾ? ಇಲ್ಲಾ ಆರ್ಚ್ ಲಿನಕ್ಸ್ ಬಳಸುವವರೇ ಪ್ಯಾಕೇಜ್ ಹಾಕುವ ಎಯುಆರ್‌ನಲ್ಲಿ ಹಾಕಿ ಸುಮ್ಮನಿರಲಾ?

ಶಿರಸಿ_ಶೆಲ್: ಡೆಬಿಯನ್. ಬೇರೆ ಮಾತೇ ಇಲ್ಲ. ನಾನು ಹಾಕಿದ್ದು ತಂಬೂರಿ ಶ್ರುತಿ ಕೊಡುವ ಒಂದು ಪ್ರೋಗ್ರಾಂ. ಬಿಲ್ಡ್ ಒಂದು ಸಂಜೆಯ ಕೆಲಸ. ಜೀವ ತಿಂದದ್ದು ಕಾಪಿರೈಟ್ ಫೈಲು. ಅದರೊಳಗಿದ್ದ ತಂಬೂರಿ ಧ್ವನಿಗೆ "ವ್ಯಾಪಾರಕ್ಕೆ ಬಳಸಬಾರದು" ಅನ್ನುವ ಲೈಸೆನ್ಸ್ ಇತ್ತು. ಅಂಥದ್ದು ಡೆಬಿಯನ್‌ನ ಮೇನ್‌ಗೆ, ಅಂದರೆ ಮುಖ್ಯ ಭಂಡಾರಕ್ಕೆ, ಬರುವ ಹಾಗಿಲ್ಲ. ಬರೆದವರಿಗೆ ಮೇಲ್ ಮಾಡಿದೆ, ಉತ್ತರವಿಲ್ಲ. ಕೊನೆಗೆ ಅಕ್ಕನ ತಂಬೂರಿಯನ್ನೇ ಹೊಸದಾಗಿ ರೆಕಾರ್ಡ್ ಮಾಡಿಸಿದೆ. ತಂತಿ 450, ಸ್ಟುಡಿಯೋ ಗಂಟೆಗೆ 800, ಆಟೋ 220. ಆಟೋದವನು ತಂಬೂರಿಗೂ ಒಂದು ಸೀಟಿನ ದುಡ್ಡು ಕೇಳಿದ, ಅದೂ ಸೇರಿ.

ಆಮೇಲೆ ಸ್ಪಾನ್ಸರ್ ಕಥೆ, ಅಂದರೆ ನಮ್ಮ ಪರವಾಗಿ ಅಪ್‌ಲೋಡ್ ಮಾಡುವ ಡೆಬಿಯನ್ ಸದಸ್ಯನ ಕಥೆ. ಹೊಸ ಪ್ಯಾಕೇಜ್ ಮೊದಲ ಸಲ ಬೈನರಿ (ಬಿಲ್ಡ್ ಆದ ಫೈಲು) ಸಮೇತ ಹೋಗಬೇಕು. ಹೊಸ ಪ್ಯಾಕೇಜುಗಳನ್ನು ಪರಿಶೀಲಿಸುವ ನ್ಯೂ ಕ್ಯೂ ದಾಟಿದ ಮೇಲೆ ಬರೀ ಸೋರ್ಸ್ ಮತ್ತೊಮ್ಮೆ ಅಪ್‌ಲೋಡ್ ಆಗದಿದ್ದರೆ ಮುಂದಿನ ಆವೃತ್ತಿ ತಯಾರಾಗುವ ಟೆಸ್ಟಿಂಗ್‌ಗೆ ಇಳಿಯುವುದಿಲ್ಲ. ನನ್ನ ಸ್ಪಾನ್ಸರ್ ಸರಿಯಾಗಿ ಆ ಹೊತ್ತಿಗೇ ನಾಪತ್ತೆ! ಅಷ್ಟರಲ್ಲಿ 2025ರ ಏಪ್ರಿಲ್ 15 ಬಂತು, ಸಾಫ್ಟ್ ಫ್ರೀಝ್. ಅಲ್ಲಿಂದ ಹೊಸ ಪ್ಯಾಕೇಜ್ ಒಳಗೆ ಬಿಡುವುದಿಲ್ಲ. ಆಗಸ್ಟ್ 9ರಂದು ಡೆಬಿಯನ್ ಆವೃತ್ತಿ ಟ್ರಿಕ್ಸಿ ಹೊರಬಿತ್ತು, ನನ್ನ ತಂಬೂರಿ ಇಲ್ಲದೆ. ಮುಂದಿನದಕ್ಕೆ ಎರಡು ವರ್ಷ ಕಾಯಬೇಕು. ಆದರೂ ಹೇಳುತ್ತೇನೆ, ಡೆಬಿಯನ್ನೇ.

ಕರಾವಳಿ_ಕರ್ನಲ್: ಶ್ರುತಿ ಹಿಡಿಯಲು ಎರಡು ವರ್ಷ! ಎಯುಆರ್‌ನಲ್ಲಿ ಪಿಕೆಜಿಬಿಲ್ಡ್ ಅನ್ನುವ ಒಂದು ಬಿಲ್ಡ್ ಫೈಲು, ಒಂದು ಗಿಟ್ ಪುಶ್ (ಅಪ್‌ಲೋಡ್), ಮುಗಿಯಿತು. ಹಾಗಂತ ಅಲ್ಲಿ ಸುಖ ಇದೆ ಅಂದುಕೊಳ್ಳಬೇಡಿ. ರಸ್ಟ್‌ನಲ್ಲಿ ಬರೆದ ದೊಡ್ಡ ಎಡಿಟರ್ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ. ಹೊಸ ಆವೃತ್ತಿ ಬೆಳಿಗ್ಗೆ ಬಂದರೆ ಮಧ್ಯಾಹ್ನದೊಳಗೆ ಯಾರೋ "ಔಟ್ ಆಫ್ ಡೇಟ್" ಒತ್ತಿರುತ್ತಾರೆ. ಪ್ರತಿ ಸಲ ಬಿಲ್ಡ್ ಮಾಡಿ ನೋಡಬೇಕು. ಲ್ಯಾಪ್‌ಟಾಪ್ ಫ್ಯಾನ್ ಹೋಯಿತು, 1,350. ಎಸ್‌ಎಸ್‌ಡಿ ಹೋಯಿತು, 4,200. ಡೇಟಾ ತೆಗೆಸಲು ಅಂಗಡಿಯವನು 3,000 ಕೇಳಿದ, ಕೊಡಲಿಲ್ಲ. ಮನೆಯಲ್ಲಿ ಈಗಲೂ ಆ ಫೋಟೋಗಳ ಮಾತು ಬರುತ್ತದೆ. ಕೊನೆಗೆ ಪ್ಯಾಕೇಜನ್ನು ಆರ್ಫನ್ ಮಾಡಿ (ಉಸ್ತುವಾರಿ ಬಿಟ್ಟು) ಕೈ ತೊಳೆದುಕೊಂಡೆ. ಒಬ್ಬರಾದರೂ ಥ್ಯಾಂಕ್ಸ್ ಅಂದಿದ್ದರೆ ಕೇಳಿ.

ಶಿರಸಿ_ಶೆಲ್: ಆರ್ಫನ್ ಮಾಡಿದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು ಅಲ್ವಾ? 2018ರಲ್ಲಿ ಪಿಡಿಎಫ್ ಓದುವ ಅಕ್ರೋರೀಡ್ ಪ್ಯಾಕೇಜಿಗೆ ಹಾಗೇ ಆಯಿತು, ಎತ್ತಿಕೊಂಡವನು ಮಾಲ್ವೇರ್ ಸೇರಿಸಿದ. 2025ರ ಜುಲೈನಲ್ಲಿ ಫೈರ್‌ಫಾಕ್ಸ್ ಹೆಸರು ಹಾಕಿಕೊಂಡ ಪ್ಯಾಕೇಜಿನಲ್ಲೂ ಮಾಲ್ವೇರ್. ಕೇಳುವವರು ಯಾರು ಅಲ್ಲಿ?

ಕರಾವಳಿ_ಕರ್ನಲ್: ಫೈಲು ಕುಗ್ಗಿಸುವ ಎಕ್ಸ್‌ಝೆಡ್‌ನಲ್ಲಿ ಕಳ್ಳಬಾಗಿಲು ಇಟ್ಟದ್ದು ಮರೆತಿರಾ ಸಾರ್? 2024ರ ಮಾರ್ಚ್? ಆವೃತ್ತಿ 5.6.0, 5.6.1, ಎರಡೂ ಹೊಸದು ಮೊದಲು ಇಳಿಯುವ ನಿಮ್ಮ ಅನ್‌ಸ್ಟೇಬಲ್‌ಗೆ ಬಂದಿದ್ದವು. ಹಿಡಿದದ್ದು ಪ್ಯಾಕೇಜಿನ ತಪ್ಪು ಹುಡುಕುವ ನಿಮ್ಮ ಲಿಂಟಿಯನ್ ಅಲ್ಲ. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅಂತ ಬೆನ್ನು ಹತ್ತಿದ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್.

ಶಿರಸಿ_ಶೆಲ್: ಜನ ಬಳಸುವ ಸ್ಟೇಬಲ್‌ಗೆ ಬಂದಿರಲಿಲ್ಲ. ಕಾಯಿಸುವುದು ಅದಕ್ಕೇ.

ಮೈಸೂರು_ಸ್ಪೆಕ್: ನಿಮ್ಮಿಬ್ಬರ ಗಲಾಟೆಯಲ್ಲಿ ಫೆಡೋರಾ ಲಿನಕ್ಸ್‌ನ ಹೆಸರೇ ಇಲ್ಲ. ಅವರ ಬಿಲ್ಡ್ ಸೇವೆ ಕಾಪ್ರ್‌ಗೆ ಸ್ಪೆಕ್ ಫೈಲ್ (ಬಿಲ್ಡ್ ಸೂಚನೆಗಳು) ಕೊಟ್ಟರೆ ಬಿಲ್ಡ್ ಅವರ ಮೆಷಿನ್‌ನಲ್ಲೇ ಆಗುತ್ತದೆ, ಫ್ಯಾನು ಗೀನು ಸುಡುವುದಿಲ್ಲ. ಅಧಿಕೃತವಾಗಿ ಒಳಗೆ ಬರಲು ಅಲ್ಲೂ ಸ್ಪಾನ್ಸರ್ ಬೇಕು. ಬೇರೆಯವರ ಪ್ಯಾಕೇಜುಗಳನ್ನು ರಿವ್ಯೂ ಮಾಡಿ ತೋರಿಸಿದೆ, ಒಪ್ಪಿದರು. ಹಾಕಿದ ಮೇಲಿನ ಪಾಡು ಬೇರೆ. ಪೈಥಾನ್ 3.12ರಲ್ಲಿ ಪ್ಯಾಕೇಜ್ ಕಟ್ಟಲು ಬಳಸುವ ಡಿಸ್ಟ್‌ಯುಟಿಲ್ಸ್ ತೆಗೆದರು. ಫೆಡೋರಾ 39ಕ್ಕೆ ಅದೇ ಪೈಥಾನ್. ನನ್ನ ಪ್ಯಾಕೇಜಿನ ಮೂಲ ಲೇಖಕ ಎಂದೋ ಕೈಬಿಟ್ಟಿದ್ದ. ಪ್ಯಾಚ್ ನಾನೇ ಬರೆದೆ, ಈಗಲೂ ಹೊತ್ತುಕೊಂಡಿದ್ದೇನೆ. ಆಫೀಸಿನಲ್ಲಿ ಅದೇ ಪ್ಯಾಕೇಜ್ ಬಳಸುತ್ತಾರೆ. ಅಪ್ರೈಸಲ್‌ನಲ್ಲಿ ಹೇಳಿದರೆ "ಅದು ನಿಮ್ಮ ಹವ್ಯಾಸ ಅಲ್ವಾ" ಅಂದರು.

ಬೀದರ್_ಬ್ಯಾಶ್: ಈಗಲೂ ನುಡಿ ಆಸ್ಕಿ ಯಾರು ಬಳಸುತ್ತಾರೆ? ಸತ್ತ ವಿಷಯ.

ಗದಗ್_ಡಿಟಿಪಿ: ಪ್ರೆಸ್ಸಿಗೆ ಬಂದು ನೋಡಿ. ಲಗ್ನಪತ್ರಿಕೆ, ಪೇಜ್‌ಮೇಕರ್, ಹಳೆಯ ಫಾಂಟು, ಅದರಲ್ಲೇ ನಮ್ಮ ಹೊಟ್ಟೆ ತುಂಬುತ್ತಿರುವುದು. ನಿಮ್ಮ ಲಿನಕ್ಸ್‌ನಲ್ಲಿ ಕೆಜಿಪಿ (ನುಡಿಯ) ಕೀಲಿಮಣೆ ಆದರೂ ಸಿಗುತ್ತದಾ?

ಬೀದರ್_ಬ್ಯಾಶ್: ಟೈಪಿಂಗ್ ಸಾಧನ ಐಬಸ್‌ನಲ್ಲಿ ಎಂ17ಎನ್ ಹಾಕಿದರೆ ಕೆಜಿಪಿ ಇದೆ. ಆದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಯಿರಿ, ಅದೇ ಸರಿ.

ಗದಗ್_ಡಿಟಿಪಿ: ಯಾವುದು ಸರಿ ಅಂತ ನೀವು ಹೇಳಬೇಡಿ. ದಿನಕ್ಕೆ ಎಷ್ಟು ಪುಟ ಹೊಡೆಯುತ್ತೀರಿ ನೀವು?

ಹುಬ್ಬಳ್ಳಿ_ಪೈಥಾನ್: ಎಲ್ಲರಿಗೂ ಧನ್ಯವಾದ. 4 ಜಿಬಿ ಸಾಕಾ ಅಂತ ಮಾತ್ರ ಗೊತ್ತಾಗಲಿಲ್ಲ.

ಮೈಸೂರು_ಸ್ಪೆಕ್: ಧಾರಾಳ ಸಾಕು. ನೀವು ಕೋಡ್ ಇಟ್ಟಿರುವ ರೆಪೊ ನೋಡಿದೆ. ಲೈಸೆನ್ಸ್ ಫೈಲೇ ಇಲ್ಲವಲ್ಲ? ಅದಿಲ್ಲದೆ ಯಾವ ಡಿಸ್ಟ್ರೋದವರೂ ಮುಟ್ಟುವುದಿಲ್ಲ. ಮೊದಲು ಅದನ್ನು ಹಾಕಿ.

ಶಿರಸಿ_ಶೆಲ್: ಜಿಪಿಎಲ್ 3 ಹಾಕಿ.

ಕರಾವಳಿ_ಕರ್ನಲ್: ಎಂಐಟಿ ಹಾಕಿ ಗುರು. ಇವರ ಮಾತು ಕೇಳಿದರೆ ಅದಕ್ಕೂ ಎರಡು ವರ್ಷ.