ಸಂಜೆ ಕಲಿಕಾ ಕೇಂದ್ರದಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗ ಆಗ್ತಿದೆಯಾ? ಅಳೆಯೋದು ಹೇಗೆ?

ಪ್ರಶ್ನೆ, ಇಂಡಿ ತಾಲ್ಲೂಕಿನಿಂದ:
ನಮ್ಮದು ಸಣ್ಣ ಸಂಸ್ಥೆ. ಈ ಜೂನ್‌ನಿಂದ ಕೆಲವು ತಾಂಡಾಗಳಲ್ಲಿ ಸಂಜೆ ಕಲಿಕಾ ಕೇಂದ್ರ ನಡೆಸುತ್ತಿದ್ದೇವೆ. ಮೂರರಿಂದ ಐದನೇ ತರಗತಿಯ ಮಕ್ಕಳು ಬರುತ್ತಾರೆ. ಮಾರ್ಚ್‌ನೊಳಗೆ ಪರಿಣಾಮದ ವರದಿ ಕೊಡಿ ಅಂತ ದಾನಿಗಳು ಕೇಳಿದ್ದಾರೆ. ನಮ್ಮ ಹತ್ತಿರ ಹಂಚಿದ ನೋಟ್‌ಬುಕ್ ಲೆಕ್ಕ, ಹಾಜರಿ ಪುಸ್ತಕ, ಫೋಟೊ ಇವೆ. ಇಷ್ಟು ಸಾಕಾ? ಹೊರಗಿನವರಿಗೆ ದುಡ್ಡು ಕೊಟ್ಟು ಮೌಲ್ಯಮಾಪನ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ, ವಿಜಯಪುರದಿಂದ:
ಹಂಚಿದ್ದರ ಲೆಕ್ಕ ಇಟ್ಟಿದ್ದು ಒಳ್ಳೆಯದೇ. ಆದರೆ ಅದು ನಿಮ್ಮ ಕೆಲಸದ ಲೆಕ್ಕ, ಮಗುವಿನ ಕಲಿಕೆಯ ಲೆಕ್ಕ ಇನ್ನೂ ಹಿಡಿಯಬೇಕು. ಕೀನ್ಯಾದ ಹಳ್ಳಿ ಶಾಲೆಗಳಲ್ಲಿ 1990ರ ದಶಕದಲ್ಲಿ ಒಂದು ಸಂಸ್ಥೆ ಪಠ್ಯಪುಸ್ತಕ ಹಂಚಿತು. ಅರ್ಥಶಾಸ್ತ್ರಜ್ಞ ಮೈಕಲ್ ಕ್ರೆಮರ್ ಮತ್ತು ಜೊತೆಗಾರರು ಪುಸ್ತಕ ಸಿಕ್ಕ ಶಾಲೆಗಳನ್ನು ಸಿಗದ ಶಾಲೆಗಳ ಜೊತೆ ಹೋಲಿಸಿದರು. ಸರಾಸರಿ ಅಂಕ ಏರಿರಲೇ ಇಲ್ಲ. ಮೊದಲೇ ಮುಂದಿದ್ದ ಮಕ್ಕಳಿಗಷ್ಟೇ ಲಾಭ ಆಗಿತ್ತು. ಪುಸ್ತಕ ಇಂಗ್ಲಿಷ್‌ನಲ್ಲಿತ್ತು, ಅಲ್ಲಿನ ಎಷ್ಟೋ ಮಕ್ಕಳಿಗೆ ಅದು ಮೂರನೇ ಭಾಷೆ. ಹಂಚಿದ ಲೆಕ್ಕವನ್ನಷ್ಟೇ ನೋಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಮೊದಲು ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಹೊಸ ಪ್ರಶ್ನೆಪತ್ರಿಕೆ ಮಾಡುವ ಗೋಜು ಬೇಡ. 2005ರಲ್ಲಿ ಪ್ರಥಮ್ ಸಂಸ್ಥೆಯವರು ಶುರು ಮಾಡಿದ, ಹಳ್ಳಿ ಮಕ್ಕಳ ಓದು ಮತ್ತು ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಹಾಳೆ ಕನ್ನಡದಲ್ಲೇ ಇದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತಂದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಮಗು ಯಾವ ಮೆಟ್ಟಿಲಲ್ಲಿದೆ ಅಂತ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಅಳೆಯುವಾಗ ಪಠ್ಯಪುಸ್ತಕ ಕೊಟ್ಟು ಓದಿಸಲೇಬೇಡಿ. ಸಿಂದಗಿ ಕಡೆಯ ಒಂದು ತಾಂಡಾದಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪಾಠವನ್ನು ಪಟಪಟ ಅಂತ ಓದಿದಳು. ಬೆರಳು ಮೂರನೇ ಸಾಲಿನಲ್ಲಿತ್ತು, ಬಾಯಿ ಐದನೇ ಸಾಲಿಗೆ ಹೋಗಿತ್ತು. ಅದೇ ಪಾಠದಲ್ಲಿದ್ದ ‘ಮಳೆ’ ಅನ್ನುವ ಪದವನ್ನು ಬೇರೆ ಹಾಳೆಯಲ್ಲಿ ಬರೆದು ತೋರಿಸಿದೆ. ‘ಮ’ ಅಂದಳು, ಅಲ್ಲಿಗೇ ನಿಂತಳು. ಇಡೀ ಪಾಠ ಬಾಯಿಪಾಠ ಆಗಿತ್ತು! ಎರಡು ಪುಟ ಕೇಳಿಯೇ ಕಲಿತವಳಿಗೆ ಜಾಣತನ ಕಡಿಮೆ ಇರಲಿಲ್ಲ. ಓದುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಇನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲ ವರದಿಗಳೂ ಎಡವುವ ಜಾಗ ಗುಳೆ. ದೀಪಾವಳಿ ಸುಮಾರಿಗೆ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಮಕ್ಕಳೂ ಹೋಗುತ್ತಾರೆ. ಒಂದು ಕೇಂದ್ರದಲ್ಲಿ 40 ಮಕ್ಕಳಿದ್ದಾರೆ ಅಂದುಕೊಳ್ಳಿ. ಜೂನ್‌ನಲ್ಲಿ 16 ಮಕ್ಕಳಿಗೆ ಓದಲು ಬರುತ್ತಿತ್ತು, ಅಂದರೆ ಶೇ 40. ಓದಲು ಬಾರದ 12 ಮಕ್ಕಳು ಗುಳೆ ಹೋದರು. ಫೆಬ್ರವರಿಯಲ್ಲಿ ಉಳಿದ 28 ಮಕ್ಕಳನ್ನು ಅಳೆದಿರಿ. ಓದುವವರು ಅದೇ 16. ಆದರೆ ಈಗ ಅದು ಶೇ 57! ಒಂದು ಮಗುವೂ ಹೊಸದಾಗಿ ಓದು ಕಲಿಯಲಿಲ್ಲ, ವರದಿ ಮಾತ್ರ ಮಿಂಚುತ್ತದೆ. ನಮ್ಮ ಸಹಾಯ ಹೆಚ್ಚು ಬೇಕಾಗಿದ್ದ ಮಕ್ಕಳೇ ಲೆಕ್ಕದಿಂದ ಬಿದ್ದುಹೋದರು. ಇದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಆದ್ದರಿಂದ ಮೊದಲ ದಿನದ ಪಟ್ಟಿಯಿಂದ ಯಾವ ಹೆಸರನ್ನೂ ಅಳಿಸಬೇಡಿ. ಹೋದ ಮಗುವಿನ ಮುಂದೆ ಯಾವ ತಿಂಗಳು ಹೋಯಿತು, ಎಲ್ಲಿಗೆ ಹೋಯಿತು ಅಂತ ಬರೆಯಿರಿ. ಇದ್ದ ಮಕ್ಕಳ ಫಲಿತಾಂಶ ಬೇರೆ, ಹೋದವರ ಲೆಕ್ಕ ಬೇರೆ ತೋರಿಸಿ.

ಮತ್ತೊಂದು ಮಾತು. ಮಕ್ಕಳು ಶಾಲೆಗೂ ಹೋಗುತ್ತಾರೆ, ನೀವಿಲ್ಲದಿದ್ದರೂ ಒಂದಿಷ್ಟು ಕಲಿಯುತ್ತಾರೆ. ಮುಂದಿನ ವರ್ಷ ಕೇಂದ್ರ ತೆರೆಯಬೇಕೆಂದಿರುವ ತಾಂಡಾ ಇದ್ದರೆ ಅಲ್ಲಿನ ಮಕ್ಕಳನ್ನೂ ಈ ವರ್ಷವೇ ಎರಡು ಸಲ ಅಳೆಯಿರಿ. ಹೋಲಿಸಲು ಸಿಗುತ್ತದೆ. ಒಂದು ಕೇಂದ್ರದ ಮಕ್ಕಳನ್ನು ಇನ್ನೊಂದು ಕೇಂದ್ರದ ಕಾರ್ಯಕರ್ತರು ಅಳೆಯಲಿ.

ಉತ್ತರ, ಬಾಗಲಕೋಟೆಯಿಂದ, ಸರ್ಕಾರಿ ಶಾಲೆಯ ಶಿಕ್ಷಕಿ:
ಮೇಲಿನವರ ಮಾತು ಒಪ್ಪಿದೆ. ನನ್ನದೊಂದು ಕೋರಿಕೆ ಇದೆ. ಶಾಲೆಗೆ ಬಂದು ಇನ್ನೊಂದು ನಮೂನೆ ತುಂಬಿಕೊಡಿ ಅನ್ನಬೇಡಿ. ನಲಿ-ಕಲಿ ತರಗತಿಗಳಲ್ಲಿ, ಅಂದರೆ ಚಟುವಟಿಕೆ ಮೂಲಕ ಕಲಿಸುವ ಚಿಕ್ಕ ತರಗತಿಗಳಲ್ಲಿ, ಪ್ರತಿ ಮಗುವಿನ ‘ಪ್ರಗತಿ ನೋಟ’ ಅನ್ನುವ ಪಟ್ಟಿ ಇರುತ್ತದೆ, ಯಾವ ಮೈಲಿಗಲ್ಲಿನಲ್ಲಿದೆ ಅಂತ ಕಾಣುತ್ತದೆ. ಮುಖ್ಯ ಶಿಕ್ಷಕರನ್ನು ಕೇಳಿ ಅದನ್ನು ನೋಡಿ. ನೀವು ಅಳೆದ ಫಲಿತಾಂಶವನ್ನು ದಾನಿಗಳಿಗಿಂತ ಮೊದಲು ನಮಗೆ ತೋರಿಸಿ. ಯಾವ ಮಗುವಿಗೆ ಒತ್ತಕ್ಷರದ ತೊಡಕಿದೆ ಅಂತ ಗೊತ್ತಾದರೆ ನಾಳೆ ಬೆಳಿಗ್ಗೆಯೇ ನಾವು ಕೆಲಸ ಶುರು ಮಾಡಬಹುದು.

ಹಾಜರಿ ವಿಷಯದಲ್ಲಿ, ಕಾರ್ಯಕರ್ತೆಯ ಗೌರವಧನವನ್ನು ಮಕ್ಕಳ ಸಂಖ್ಯೆಗೆ ಕಟ್ಟಬೇಡಿ. ಕಟ್ಟಿದರೆ ಪುಸ್ತಕ ಯಾವಾಗಲೂ ತುಂಬಿಯೇ ಇರುತ್ತದೆ. ಆಗಾಗ ಹೇಳದೆ ಹೋಗಿ ತಲೆ ಎಣಿಸಿ, ಸಾಕು.

ಉತ್ತರ, ಖಾನಾಪುರದಿಂದ:
ನಮ್ಮ ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಜಾಸ್ತಿ. ನಿಮ್ಮ ತಾಂಡಾದಲ್ಲಿ ಲಂಬಾಣಿ ಅಲ್ವಾ? ಓದಿಸುವುದು ಕನ್ನಡದಲ್ಲಿ ಇರಲಿ, ಆದರೆ ಏನು ಮಾಡಬೇಕು ಅನ್ನುವುದನ್ನು ಮನೆ ಮಾತಿನಲ್ಲಿ ಹೇಳಿ. ಪ್ರಶ್ನೆ ಅರ್ಥವಾಗದ ಮಗುವನ್ನು ಲೆಕ್ಕ ಬಾರದ ಮಗು ಅಂತ ಬರೆಯುವುದು ಅನ್ಯಾಯ. ವರದಿಯಲ್ಲಿ ಮಕ್ಕಳ ಹೆಸರು ಬೇಡ, ಸಂಖ್ಯೆ ಕೊಡಿ. ಪಾಲಕರನ್ನು ಕೇಳದೆ ಫೋಟೊನೂ ಬೇಡ.

ಮತ್ತೆ ವಿಜಯಪುರದಿಂದ:
ಹೊರಗಿನವರ ಬಗ್ಗೆ ಕೇಳಿದ್ದಿರಿ. ಕೆಲವೇ ಕೇಂದ್ರಗಳಿದ್ದರೆ ಆ ದುಡ್ಡನ್ನು ಕಲಿಸಲು ಬಳಸಿ ಅನ್ನುತ್ತೇನೆ. ಹಿಂದುಳಿದ ಮಕ್ಕಳಿಗೆ ಅವರ ಮಟ್ಟದಿಂದಲೇ ಕಲಿಸಿದರೆ ಅಂಕ ಏರುತ್ತದೆ ಅಂತ ಮುಂಬೈ, ವಡೋದರಾದಲ್ಲಿ ಪ್ರಥಮ್ ನಡೆಸಿದ ಬಾಲಸಖಿ ಕಾರ್ಯಕ್ರಮದ ಅಧ್ಯಯನದಲ್ಲಿ 2007ರಲ್ಲೇ ಬಂದಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅದರಲ್ಲಿದ್ದರು. ಅಷ್ಟು ದೊಡ್ಡ ಅಧ್ಯಯನವನ್ನು ನೀವು ಮತ್ತೆ ಮಾಡಬೇಕಿಲ್ಲ. ನಿಮ್ಮ ಕೇಂದ್ರದಲ್ಲಿ ಮಕ್ಕಳನ್ನು ತರಗತಿ ನೋಡದೆ ಮಟ್ಟ ನೋಡಿ ಗುಂಪು ಮಾಡಿದ್ದಾರಾ, ದಿನಾ ಕಲಿಸುತ್ತಿದ್ದಾರಾ, ಎರಡು ತಿಂಗಳಿಗೊಮ್ಮೆ ಮಕ್ಕಳು ಮೆಟ್ಟಿಲು ಏರುತ್ತಿದ್ದಾರಾ, ಇದನ್ನು ಬಿಡದೆ ನೋಡಿ.

ದಾನಿಗಳಿಗೆ ಈಗಲೇ ಒಂದು ಪತ್ರ ಬರೆದುಬಿಡಿ: ಮಾರ್ಚ್ ವರದಿಯಲ್ಲಿ ಊರಲ್ಲಿ ಉಳಿದ ಮಕ್ಕಳ ಫಲಿತಾಂಶ ಇರುತ್ತದೆ, ಗುಳೆ ಹೋದವರು ಯುಗಾದಿ ಹೊತ್ತಿಗೆ ಮರಳಿದ ಮೇಲೆ ಅವರನ್ನೂ ಅಳೆದು ಇನ್ನೊಂದು ಪುಟ ಕಳಿಸುತ್ತೇವೆ ಅಂತ.