ಅಮ್ಮನ ಬೆರಳಲ್ಲಿ ಸುಣ್ಣದ ಗಂಟು, ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸ್ಬೇಕಾ?

ತೀರ್ಥಹಳ್ಳಿ ಹುಡುಗಿ:
ಎಲ್ರಿಗೂ ನಮಸ್ಕಾರ. ಅಮ್ಮಂಗೆ 56 ವರ್ಷ, ಆರು ವರ್ಷದಿಂದ ಸ್ಕ್ಲೆರೋಡರ್ಮಾ (ಚರ್ಮ ಬಿಗಿದು ಗಟ್ಟಿಯಾಗೋ ಕಾಯಿಲೆ) ಇದೆ, ಚಳಿಗೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿ ಆಗೋದು ಅದಕ್ಕೂ ಮುಂಚಿಂದ್ಲೇ ಇತ್ತು. ಈಗ ಹೆಬ್ಬೆರಳ ತುದೀಲಿ, ಮೊಣಕೈ ಹತ್ರ ಅಕ್ಕಿನುಚ್ಚಿನ ತರ ಗಟ್ಟಿ ಕಾಳು ಕೈಗೆ ಸಿಗುತ್ತೆ. ಮೊನ್ನೆ ಹೆಬ್ಬೆರಳದ್ದು ಒಡೆದು ನೆನೆಸಿದ ಸೀಮೆಸುಣ್ಣದ ತರ ಬಿಳಿ ಬಂತು. ಹೋದ್ವರ್ಷ ಹೀಗಾದಾಗ ಒಬ್ರು ಡಾಕ್ಟ್ರು ಕೀವು ಅಂತ ಕೊಯ್ದುಬಿಟ್ರು, ಆ ಗಾಯ ಮಾಯೋಕೆ ಎರಡು ತಿಂಗಳು ಹಿಡೀತು, ಅನ್ನ ಕಲಸೋಕೂ ಆಗ್ದೆ ಅಮ್ಮ ಚಮಚ ಹಿಡ್ಕೊಂಡು ಕಣ್ಣೀರು ಹಾಕ್ತಿದ್ರು. ಮನೇಲೆಲ್ಲ ಎಲೆಅಡಿಕೆಗೆ ಸುಣ್ಣ ಹಚ್ಚಿ ತಿಂದಿದ್ದಕ್ಕೇ ಹೀಗಾಗಿದ್ದು, ಹಾಲು ಬಿಡಿಸು, ಮೂಳೆಗೆ ಕೊಟ್ಟಿರೋ ಕ್ಯಾಲ್ಸಿಯಂ ಮಾತ್ರೆ ಬಿಡಿಸು ಅಂತಿದಾರೆ. ಹೌದಾ?

ಸಾಗರದ ಸೊಸೆ:
ತಂಗಿ, ಡಾಕ್ಟ್ರನ್ನ ಕೇಳ್ದೆ ಮಾತ್ರೆ ನಿಲ್ಲಿಸ್ಬೇಡ. ನಂಗೂ ಇದೇ ಕಾಯಿಲೆ, ಹನ್ನೊಂದು ವರ್ಷ ಆಯ್ತು. ಈ ಗಂಟಿಗೆ ಕ್ಯಾಲ್ಸಿನೋಸಿಸ್ ಅಂತಾರೆ. ನಾನೂ ಯಾರ್ದೋ ಮಾತು ಕೇಳಿ ಒಂದು ವರ್ಷ ಮಜ್ಜಿಗೆ ಸಹ ಮುಟ್ಟಿರ್ಲಿಲ್ಲ, ಒಂದು ಗಂಟೂ ಕರಗ್ಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ನೋಡಿಸಿದ್ರೆ ಎರಡೂ ನಾರ್ಮಲ್ಲು, ನಮ್ಮಂಥವ್ರಿಗೆ ಸಾಮಾನ್ಯವಾಗಿ ಹಾಗೇ ಇರುತ್ತೆ. ರಕ್ತ ಸರಿಯಾಗಿ ಹೋಗ್ದೆ, ಪೆಟ್ಟು ಬಿದ್ದು ಬಿದ್ದು ಹಾಳಾದ ಕಡೆ ಅದು ಬಂದು ಕೂರೋದು, ಅದಕ್ಕೇ ಬೆರಳತುದಿ, ಮೊಣಕೈ, ಮಂಡಿ. ಸೂಜೀಲಿ ಕೆದಕೋಕೆ ಮಾತ್ರ ಬಿಡ್ಬೇಡ. ತಾನಾಗೇ ಒಡೆದ್ರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಶುದ್ಧವಾದ ಗಾಜ್ ಕಟ್ಟು.

ಪಿಜಿ ಮೆಡಿಸಿನ್ ಶಿವಮೊಗ್ಗ:
ಅಕ್ಕ ಹೇಳಿದ್ದು ಸರಿ. ಎಕ್ಸ್‌ರೇ ತೆಗೆಸಿ, ಬೆರಳಲ್ಲಿ ಎಲ್ಲೆಲ್ಲಿ ಎಷ್ಟಿದೆ ಅಂತ ಬೆಳ್ಳಗೆ ಕಾಣುತ್ತೆ. ಇದನ್ನ ಕರಗಿಸುತ್ತೆ ಅಂತ ಗಟ್ಟಿಯಾಗಿ ಸಾಬೀತಾದ ಔಷಧಿ ಇನ್ನೂ ಇಲ್ಲ, ಡಿಲ್ಟಿಯಾಜೆಮ್, ಮಿನೋಸೈಕ್ಲಿನ್, ಸೋಡಿಯಂ ಥಯೋಸಲ್ಫೇಟ್ ಎಲ್ಲ ಕೊಟ್ಟು ನೋಡ್ತಾರೆ, ಕೆಲವ್ರಿಗೆ ಹಿಡಿಯುತ್ತೆ, ಕೆಲವ್ರಿಗಿಲ್ಲ. ತುಂಬಾ ನೋವು ಕೊಡೋ ಗಂಟನ್ನ ಆಪರೇಷನ್ ಮಾಡಿ ತೆಗೀಬಹುದು, ಆದ್ರೆ ಗಾಯ ನಿಧಾನ ಮಾಯುತ್ತೆ, ಮತ್ತೆ ಬರ್ಲೂಬಹುದು, ಹಾಗಾಗಿ ರುಮಟಾಲಜಿಸ್ಟ್ (ಇಂಥ ಕಾಯಿಲೆ, ಕೀಲುವಾತ ನೋಡೋ ತಜ್ಞ ಡಾಕ್ಟ್ರು) ಜೊತೆ ಮಾತಾಡ್ದೆ ಕತ್ತರಿ ಹಾಕಿಸ್ಬೇಡಿ. ಈಗ ಒಡೆದಿರೋದನ್ನ ಈ ವಾರವೇ ತೋರ್ಸಿ. ಕೆಂಪಗೆ ಊದಿ ಬಿಸಿ ಆದ್ರೆ, ಜ್ವರ ಬಂದ್ರೆ, ಬೆರಳತುದಿ ಕಪ್ಪಾದ್ರೆ ಅವತ್ತೇ ಹೋಗ್ಬೇಕು.

ಹೊಸನಗರ ತೋಟದವ:
ನಮ್ಮತ್ತಿಗೆಗೆ ಇದೇ ಕಾಯಿಲೆ. ಅಡಿಕೆ ಸುಲಿಯೋದು ಪೂರ್ತಿ ಬಿಡ್ಸಿದೀವಿ, ದಿನಾ ಅದೇ ಬೆರಳಿಗೆ ಒತ್ತು ಬೀಳುತ್ತಲ್ಲ. ಮಳೆಗಾಲದಲ್ಲಿ ಉಣ್ಣೆ ಗ್ಲೌಸು, ಪಾತ್ರೆ ತೊಳೆಯೋಕೆ ಬಿಸಿನೀರು. ಬೆಂಕಿಗೆ ತೀರಾ ಹತ್ರ ಕೈ ಹಿಡಿಯೋಕೆ ಬಿಡ್ಬೇಡಿ, ಸುಟ್ರೂ ಗೊತ್ತಾಗಲ್ಲ ಕೆಲವ್ಸಲ. ಇನ್ನೊಂದು, ಅಮ್ಮ ಕವಳಕ್ಕೆ ಹೊಗೆಸೊಪ್ಪು ಹಾಕ್ತಾರಾ? ಸುಣ್ಣಕ್ಕಿಂತ ಅದರ ಚಿಂತೆ ಮಾಡಿ, ನಿಕೋಟಿನ್ ರಕ್ತನಾಳ ಬಿಗಿ ಮಾಡುತ್ತೆ, ಮೊದ್ಲೇ ಬೆರಳಿಗೆ ರಕ್ತ ಸಾಲ್ತಿರಲ್ಲ.

ತೀರ್ಥಹಳ್ಳಿ ಹುಡುಗಿ:
ಹಾಕ್ತಾರಣ್ಣ, ದಿನಕ್ಕೆ ನಾಲ್ಕೈದು ಸಲ. ಆರು ವರ್ಷದಲ್ಲಿ ಒಬ್ರೂ ಕೇಳಿರ್ಲಿಲ್ಲ, ನಾವೂ ಹೇಳಿರ್ಲಿಲ್ಲ. ಗುರುವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದೀನಿ, ಮಾತ್ರೆ ಚೀಟಿ ಜೊತೆ ಇದನ್ನೂ ಬರ್ಕೊಂಡೆ.